ದೊಡ್ಡಮ್ಮನ ನೀರು

ನನ್ನ ಕೆಲಸ ಏನು ಎಂದು ಯಾರಾದರೂ ಕೇಳಿದರೆ ಮೊದಮೊದಲು ನಿಜವನ್ನೇ ಹೇಳುತ್ತಿದ್ದೆ. ಮೊಟ್ಟೆಯಿಡುವ ಕಾಲದಲ್ಲಿ ಮೀನುಗಳು ಮೈಯಿಂದ ನೀರಿಗೆ ಬಿಡುವ ಹಾರ್ಮೋನನ್ನು ಅಳೆಯುವುದು ಎಂದರೆ, ಕೇಳಿದವರು ಒಂದು ಕ್ಷಣ ನನ್ನ ಮುಖ ನೋಡಿ, "ಓಹೋ, ಮೀನಿನ ಉಚ್ಚೆ" ಎಂದು ಮುಗಿಸಿಬಿಡುತ್ತಿದ್ದರು. ಸುಳ್ಳೇನಲ್ಲ. ಬಹುಪಾಲು ಅದರಲ್ಲೇ ಬರುತ್ತದೆ, ಸ್ವಲ್ಪ ಕಿವಿರಿನಿಂದ. ಈಗೀಗ ಯಾರಾದರೂ ಕೇಳಿದರೆ ನೀರಿನ ಇಲಾಖೆ ಎಂದುಬಿಡುತ್ತೇನೆ. ನಮ್ಮ ಬೀದಿಗೆ ಯಾಕೆ ನೀರು ಬಿಟ್ಟಿಲ್ಲ ಎಂದು ಬೈಯುತ್ತಾರೆ. ಬೈಸಿಕೊಳ್ಳುವುದು ವಿವರಿಸುವುದಕ್ಕಿಂತ ಸುಲಭ.

ಕೆಲಸದಲ್ಲಿ ನನ್ನನ್ನು ನೀರಮ್ಮ ಎನ್ನುತ್ತಾರೆ. ಮೀನು ಸಂಶೋಧನಾ ಕೇಂದ್ರದ ಹಿಂಬದಿಯ ಶೆಡ್ಡು ನನ್ನದು. ತಗಡಿನ ಮಾಡು, ಯಾವಾಗಲೂ ಒದ್ದೆಯಾಗಿರುವ ಸಿಮೆಂಟು ನೆಲ, ಬಿಡುವಿಲ್ಲದೆ ಗುರ್ರೆನ್ನುವ ಪಂಪುಗಳು, ಗೋಡೆ ಬದಿಯಲ್ಲಿ ಒಂದು ಡೀಪ್ ಫ್ರೀಜರ್. ನಡುವೆ ಒಂದು ಉದ್ದನೆಯ ಗಾಜಿನ ತೊಟ್ಟಿ. ತೊಟ್ಟಿಯ ಮಧ್ಯಕ್ಕೆ ಒಂದು ಅಡ್ಡಗಾಜು ಇಳಿಸಿ, ಅಂಚಿಗೆಲ್ಲ ರಬ್ಬರು ಮೆತ್ತಿ, ಹನಿ ನೀರು ಆಚೀಚೆ ಹೋಗದ ಹಾಗೆ ಮಾಡಿದ್ದೆವು. ಆ ಕಡೆಗೊಂದು ಪಂಪು, ಈ ಕಡೆಗೊಂದು ಪಂಪು. ಆ ಕಡೆಗೊಂದು ಇದ್ದಿಲಿನ ಫಿಲ್ಟರು, ಈ ಕಡೆಗೊಂದು.

ಎಡಗಡೆ ದೊಡ್ಡಮ್ಮ ಇದ್ದಳು. ನದಿಯ ಮೀನು. ನನ್ನ ಮೊಣಕೈಯಿಂದ ಬೆರಳ ತುದಿಯಷ್ಟು ಉದ್ದ, ಹಿತ್ತಾಳೆಯ ಬಣ್ಣದ ಹುರುಪೆ, ಬಾಯಿಯ ಎರಡೂ ಕಡೆ ಸಣ್ಣ ಮೀಸೆ. ಅವಳ ಜಾತಿಯ ಹೆಣ್ಣು ಕೇಂದ್ರದಲ್ಲಿ ಉಳಿದಿದ್ದು ಅವಳೊಬ್ಬಳೇ. ವಯಸ್ಸಾಗಿತ್ತು, ಒಂದು ಕಣ್ಣಿಗೆ ಮಬ್ಬು. ಆದರೂ ಬೆಳಿಗ್ಗೆ ನಾನು ಶೆಡ್ಡಿನ ಬಾಗಿಲು ತೆಗೆದರೆ ಗಾಜಿನ ಹತ್ತಿರ ಬಂದು, ಇಷ್ಟು ಹೊತ್ತು ಎಲ್ಲಿ ಹಾಳಾಗಿ ಹೋಗಿದ್ದೆ ಎನ್ನುವ ಹಾಗೆ ಆ ಒಳ್ಳೆಯ ಕಣ್ಣಿನಿಂದ ನೋಡುತ್ತಿದ್ದಳು. ದಿನದಲ್ಲಿ ಹಾಗೆ ಕೇಳುವ ಜೀವ ನನಗೆ ಬೇರೆ ಇರಲಿಲ್ಲ. ಬಲಗಡೆ ಮದುಮಗ. ಅವನು ವಯಸ್ಸಿನಲ್ಲಿ ಚಿಕ್ಕವನು, ನೋಡಲು ಚೆನ್ನಾಗಿದ್ದ. ಬುದ್ಧಿ ಮಾತ್ರ ಅಷ್ಟಕ್ಕಷ್ಟೇ. ಕಾಳು ಹಾಕಿದರೆ ಗಾಳಿಗುಳ್ಳೆಯನ್ನು ನುಂಗಲು ಹೋಗುತ್ತಿದ್ದ.

ನಾನು ಮಾಡುತ್ತಿದ್ದುದು ಇಷ್ಟು. ಬೆಳಿಗ್ಗೆ ದೊಡ್ಡಮ್ಮನನ್ನು ಮೆತ್ತನೆಯ ಬಲೆಯಲ್ಲಿ ಎತ್ತಿ, ಶುದ್ಧ ನೀರಿರುವ ಗಾಜಿನ ಬೋಗುಣಿಯಲ್ಲಿ ಸ್ವಲ್ಪ ಹೊತ್ತು ಬಿಡುವುದು. ಆಮೇಲೆ ಅವಳನ್ನು ಅವಳ ತೊಟ್ಟಿಗೆ ಕಳಿಸಿ, ಬೋಗುಣಿಯ ನೀರನ್ನು ಎರಡು ಪಾಲು ಮಾಡುವುದು. ಒಂದು ಪಾಲು ಹಾರ್ಮೋನು ಅಳೆಯುವ ಯಂತ್ರಕ್ಕೆ. ಇನ್ನೊಂದು ಪಾಲು ಬಾಟಲಿಯಲ್ಲಿ ಫ್ರೀಜರಿಗೆ, ಮೊದಲನೆಯದು ಕೆಟ್ಟರೆ ಇರಲಿ ಎಂದು. ಮೊಟ್ಟೆ ಬಲಿಯುತ್ತಾ ಬಂದ ಹಾಗೆ ಹೆಣ್ಣು ನೀರಿಗೆ ಬಿಡುವ ಹಾರ್ಮೋನು ಏರುತ್ತಾ ಹೋಗುತ್ತದೆ. ತುಂಬಾ ಏರಿದ ದಿನ ಅಡ್ಡಗಾಜು ಎತ್ತುವುದು, ಇಬ್ಬರನ್ನೂ ಸೇರಿಸುವುದು, ಮೊಟ್ಟೆ ಹಿಡಿಯುವುದು. ನಮ್ಮ ಡಾಕ್ಟ್ರ ಯೋಜನೆ ಹಾಗಿತ್ತು. ಡಾಕ್ಟ್ರು ಎಂದರೆ ಮೀನಿನ ಡಾಕ್ಟ್ರು. ಮನೆ ಪಕ್ಕದವರು ಕೆಮ್ಮಿಗೆ ಮಾತ್ರೆ ಕೇಳಿದರೆ ಪಾಪ ಬೆವರುತ್ತಾರೆ.

ಈ ಕೆಲಸಕ್ಕೆ ಒಂದು ಕಟ್ಟುಪಾಡಿದೆ. ನೀರು ಹಿಡಿಯುವವರ ಮೈಯಲ್ಲಿ ಯಾವ ವಾಸನೆಯೂ ಇರಬಾರದು. ತಲೆಗೆ ಎಣ್ಣೆ ಹಚ್ಚುವಂತಿಲ್ಲ, ಮುಖಕ್ಕೆ ಪೌಡರು ಇಲ್ಲ, ಕೈಗೆ ಕ್ರೀಮು ಇಲ್ಲ, ಸೊಂಟ ಬಿದ್ದುಹೋಗುವಷ್ಟು ನೋವಿದ್ದರೂ ಮುಲಾಮು ತಿಕ್ಕಿಕೊಳ್ಳುವಂತಿಲ್ಲ. ಈರುಳ್ಳಿ ಹೆಚ್ಚಿದ ಬೆರಳು ಮೂರು ಸಲ ತೊಳೆದರೂ ಈರುಳ್ಳಿಯೇ. ಅದರ ಒಂದು ಚೂರು ಬೋಗುಣಿಗೆ ಸೇರಿದರೆ ಯಂತ್ರ ತಕತಕ ಕುಣಿಯುತ್ತದೆ. ಹಾಗಾಗಿ ಮನೆಯಲ್ಲಿ ಅಡುಗೆ ಮಾಡುವುದನ್ನೇ ಬಿಟ್ಟೆ. ಕೇಂದ್ರದ ಕ್ಯಾಂಟೀನಿನಲ್ಲಿ ಮಧ್ಯಾಹ್ನ ಊಟ, ರಾತ್ರಿಗೆ ಹಣ್ಣು, ಬ್ರೆಡ್ಡು. ಬಟ್ಟೆಗೂ ಮೈಗೂ ಕೇಂದ್ರದವರೇ ಕೊಡುವ ಬಿಳಿ ಸೋಪು. ಅದನ್ನು ಮೂಗಿಗೆ ಹಿಡಿದರೆ ಏನನ್ನೂ ಹಿಡಿದ ಹಾಗಾಗುವುದಿಲ್ಲ. ನನ್ನ ನೀರಿನಷ್ಟು ಚೊಕ್ಕಟವಾದ ನೀರು ಎಲ್ಲೂ ಸಿಗುವುದಿಲ್ಲ ಎಂದು ಡಾಕ್ಟ್ರು ನಾಲ್ಕು ಜನರ ಮುಂದೆ ಹೇಳಿದ್ದರು. ನಾನು ಏನೂ ಆಗದವಳ ಹಾಗೆ ನಿಂತಿದ್ದೆ, ಒಳಗೆ ಹಿಗ್ಗಿದ್ದೆ.

ಮನೆಯ ಸಂಗತಿಯನ್ನೂ ಹೇಳಿಬಿಡುತ್ತೇನೆ. ನಾನು ಮದುವೆ ಮಾಡಿಕೊಳ್ಳಲಿಲ್ಲ. ತಂಗಿ ಮಾಡಿಕೊಂಡಳು, ಅದು ಕೂಡಿ ಬರದೆ ವಾಪಸು ಬಂದಳು. ಅಮ್ಮ ಇರುವತನಕ ಮೂವರೂ ಒಂದೇ ಮನೆಯಲ್ಲಿ ಹೇಗೋ ಇದ್ದೆವು. ಅಮ್ಮ ಹೋದ ಮೇಲೆ ಒಬ್ಬರ ಮುಖ ಒಬ್ಬರಿಗೆ ಕಂಡರೆ ಆಗದ ಹಾಗಾಯಿತು. ಕಾರಣ ಕೇಳಿದರೆ ಇಂಥದ್ದು ಎಂದು ಹೇಳಲು ಬರುವುದಿಲ್ಲ. ಫ್ಯಾನು ಜೋರಾಯಿತು, ದೀಪ ಯಾಕೆ ಆರಿಸಲಿಲ್ಲ, ಅಮ್ಮನ ಬೀರು ಯಾರಿಗೆ. ಕೊನೆಗೆ ಬಡಗಿಯನ್ನು ಕರೆಸಿ ಮನೆಯ ಮಧ್ಯಕ್ಕೆ ಪ್ಲೈವುಡ್ಡಿನ ಅಡ್ಡಗೋಡೆ ಹಾಕಿಸಿದೆವು.

ಬೀರು ಮಾತ್ರ ಅಲುಗಲಿಲ್ಲ. ಕಬ್ಬಿಣದ್ದು, ಅದರ ಕಾಲು ನೆಲದಲ್ಲಿ ಹೂತುಹೋದ ಹಾಗೆ ಕೂತಿತ್ತು. ಬಡಗಿ ತಲೆ ಕೆರೆದುಕೊಂಡು, ಬೀರುವನ್ನೂ ಗೋಡೆಯೊಳಗೇ ಸೇರಿಸಿಬಿಟ್ಟ. ಬಾಗಿಲು ತಂಗಿಯ ಕಡೆಗೆ, ಬೆನ್ನು ನನ್ನ ಕಡೆಗೆ. ನನ್ನ ಮಂಚದಿಂದ ನೋಡಿದರೆ ತುಕ್ಕು ಹಿಡಿದ ತಗಡು ಕಾಣುತ್ತದೆ. ಪಾಲಿನಲ್ಲಿ ಅಡುಗೆಮನೆ ನನಗೆ ಬಂತು, ಅಡುಗೆ ಮಾಡದವಳಿಗೆ. ಗೀಸರಿರುವ ದೊಡ್ಡ ಬಚ್ಚಲು ಅವಳಿಗೆ ಹೋಯಿತು. ನಾನು ಹಿಂದಿನ ಸಣ್ಣ ಬಚ್ಚಲಿನಲ್ಲಿ ತಣ್ಣೀರು ಸುರಿದುಕೊಳ್ಳುತ್ತೇನೆ, ಅವಳು ನಡುಮನೆಯ ಮೂಲೆಯಲ್ಲಿ ಒಲೆ ಇಟ್ಟುಕೊಂಡು ಬೇಯಿಸುತ್ತಾಳೆ. ಇಬ್ಬರಿಗೂ ಮೊಂಡುತನ ಒಂದೇ ಅಂಗಡಿಯಿಂದ ತಂದ ಹಾಗಿದೆ, ಬದಲಾಯಿಸಿಕೊಳ್ಳೋಣ ಎಂದು ಯಾರೂ ಹೇಳಲಿಲ್ಲ. ಬಡಗಿ ಹೋಗುವಾಗ ಗೋಡೆಗೆ ಒಂದು ಸಣ್ಣ ಬಾಗಿಲನ್ನು ಕೇಳದೆಯೇ ಇಟ್ಟು, ಎರಡೂ ಕಡೆಗೆ ಚಿಲಕ ಹಾಕಿದ. "ಮುಂದೆ ಬೇಕಾಗತ್ತೆ ಅಕ್ಕ" ಎಂದ. ನಾನು ಅವನ ಎದುರಿಗೇ ನನ್ನ ಕಡೆಯ ಚಿಲಕ ಜಡಿದೆ. ಆ ಕಡೆಯೂ ಚಿಲಕ ಬಿದ್ದ ಸದ್ದಾಯಿತು.

ಪ್ಲೈವುಡ್ಡು ಸೂರಿನವರೆಗೆ ಹೋಗಿಲ್ಲ. ಮೇಲೆ ಒಂದು ಗೇಣು ಸಂದಿ ಇದೆ. ತಂಗಿಯ ಸುದ್ದಿಯೆಲ್ಲ ನನಗೆ ಬರುತ್ತಿದ್ದುದು ಆ ಸಂದಿಯಿಂದ. ಮಾತಲ್ಲ, ವಾಸನೆ. ಅವಳು ತಲೆಗೆ ಎಣ್ಣೆ ಹಚ್ಚಿದರೆ ಅದು ರಜೆಯ ದಿನ. ಮುಲಾಮಿನ ಘಾಟು ಬಂದರೆ ಬೆನ್ನು ಹಿಡಿದಿದೆ. ಫಿನಾಯಿಲಿನ ವಾಸನೆ ಬಂದರೆ ಯಾರ ಮೇಲೋ ಸಿಟ್ಟು, ನೆಲದ ಮೇಲೆ ತೀರಿಸಿಕೊಳ್ಳುತ್ತಿದ್ದಾಳೆ. ಹಾಲು ಸೀದರೆ ಒಲೆಯ ಮುಂದೆ ನಿಂತು ಏನೋ ಯೋಚಿಸುತ್ತಾ ಮೈಮರೆತಿದ್ದಾಳೆ. ಆ ವಾಸನೆ ಬಂದ ಸಂಜೆ ನನಗೆ ಬ್ರೆಡ್ಡು ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಏನಾಯಿತೇ ಎಂದು ಕೇಳಬೇಕೆನಿಸುತ್ತಿತ್ತು. ಕೇಳುತ್ತಿರಲಿಲ್ಲ. ಅವಳು ಮೊದಲು ಕರೆಯಲಿ ಎಂದು ಕೂತಿದ್ದೆ, ವರ್ಷಗಳಿಂದ.

ಈ ಸಲದ ಮೊಟ್ಟೆಯ ಕಾಲ ಶುರುವಾಗುವ ಮೊದಲೇ ಡಾಕ್ಟ್ರು ಶೆಡ್ಡಿಗೆ ಬಂದು, ಸ್ಟೂಲಿನ ಮೇಲೆ ಕೂತು, ಕನ್ನಡಕ ಒರೆಸಿದರು. ಕೆಟ್ಟ ಸುದ್ದಿಯಿದ್ದರೆ ಅವರು ಕನ್ನಡಕ ಒರೆಸುತ್ತಾರೆ.

"ನೀರಮ್ಮ, ಮೇಲಿನವರು ಈ ಶೆಡ್ಡು ಕೇಳ್ತಿದ್ದಾರೆ. ಸಾಕೋ ಮೀನಿಗೆ ಬೇಕಂತೆ, ತಿಂಗಳಿಗೆ ಇಷ್ಟು ಟನ್ನು ಬರೋ ಅಂಥದ್ದು."

"ನಮ್ಮವಳು?"

"ಈ ಸಲ ಮೊಟ್ಟೆ ಬಂದ್ರೆ ಉಳೀತಾಳೆ. ಮರಿ ಇರೋ ಜಾತೀನ ಯಾರೂ ಎತ್ತಿ ಹಾಕಲ್ಲ. ಬರದೇ ಹೋದ್ರೆ..." ಅವರು ಮತ್ತೆ ಕನ್ನಡಕ ಒರೆಸಿದರು. "ಹೊಟ್ಟೆ ಕುಯ್ದು ನೋಡಿ ವರದಿ ಕೊಡಿ ಅಂದಿದ್ದಾರೆ, ಯಾಕೆ ಇಡಲಿಲ್ಲ ಅಂತ."

ದೊಡ್ಡಮ್ಮ ಗಾಜಿಗೆ ಮುಖವಿಟ್ಟು ಇಬ್ಬರನ್ನೂ ನೋಡುತ್ತಿದ್ದಳು. ನಾನು ತೊಟ್ಟಿಗೆ ಬೆನ್ನು ಕೊಟ್ಟು ಅವಳಿಗೆ ಅಡ್ಡ ನಿಂತೆ. ಒಂದು ಮೀನಿಗೆ ಇಷ್ಟೊಂದೇ ಎಂದು ನಗುವವರು ನಗಲಿ. ಆ ಬಾಗಿಲು ತೆಗೆದರೆ ಎದುರು ಬರುವವಳು ಅವಳೊಬ್ಬಳೇ. ಅವಳಿಲ್ಲದ ಶೆಡ್ಡಿಗೂ ಆ ಮನೆಗೂ ನನಗೇನೂ ವ್ಯತ್ಯಾಸ ಇರುತ್ತಿರಲಿಲ್ಲ.

"ಗಾಜು ಯಾವತ್ತು ಎತ್ತಬೇಕು ಅಂತ ನೀವೇ ಹೇಳಿ" ಎಂದರು ಡಾಕ್ಟ್ರು. "ನಿಮ್ಮ ನೀರು ಏನು ಹೇಳುತ್ತೋ ಹಾಗೆ."

ನೀರು ಹೇಳತೊಡಗಿತು. ಮೊದಲ ವಾರ ಸುಮ್ಮನಿದ್ದ ಅಂಕಿ ನಿಧಾನವಾಗಿ ತಲೆಯೆತ್ತಿತು. ದೊಡ್ಡಮ್ಮನ ಹೊಟ್ಟೆ ತುಂಬಿಕೊಂಡಿತು, ನಡೆ ಗಂಭೀರವಾಯಿತು. ದಿನವೂ ಅವಳನ್ನು ಬೋಗುಣಿಗೆ ಎತ್ತುವಾಗ ಅವಳ ಭಾರ ಮಣಿಕಟ್ಟಿಗೆ ತಿಳಿಯುತ್ತಿತ್ತು. ಅಂಕಿ ಏರುತ್ತಾ ಹೋಯಿತು. ಡಾಕ್ಟ್ರು ದಿನಾ ಬಂದು, "ಎತ್ತೋಣವಾ?" ಎನ್ನುತ್ತಿದ್ದರು. ನಾನು, "ಇನ್ನೊಂದು ದಿನ ನೋಡೋಣ" ಎನ್ನುತ್ತಿದ್ದೆ. ಹಿಂದಿನ ವರ್ಷ ಆತುರ ಪಟ್ಟು ಗಾಜು ಎತ್ತಿ ಎಲ್ಲ ಹಾಳಾಗಿತ್ತು. ಈ ಸಲ ಪೂರ್ತಿ ತುದಿಗೆ ಬರಲಿ, ಅನುಮಾನವೇ ಇರಬಾರದು ಎಂದು ನನ್ನ ಹಟ. ಇನ್ನೂ ಏರಿತು. ಇನ್ನೊಂದು ದಿನ ಎಂದೆ. ಮತ್ತೂ ಏರಿತು. ಇನ್ನೊಂದು ದಿನ.

ಮಾರನೆಯ ಬೆಳಿಗ್ಗೆ ಅಂಕಿ ಬಿತ್ತು. ಯಂತ್ರ ಕೆಟ್ಟಿರಬೇಕೆಂದು ಇನ್ನೊಮ್ಮೆ ಹಾಕಿದೆ. ಅಷ್ಟೇ ಬಂತು. ಅದರ ಮರುದಿನ ಇನ್ನೂ ಕೆಳಗೆ.

ಡಾಕ್ಟ್ರು ಓಡಿ ಬಂದರು. ಇಬ್ಬರೂ ಸೇರಿ ರಬ್ಬರು ಕಿತ್ತು ಅಡ್ಡಗಾಜು ಎತ್ತಿದೆವು. ದೊಡ್ಡಮ್ಮ ಮಧ್ಯದ ಗೆರೆ ದಾಟಿ ನಿಧಾನವಾಗಿ ಒಂದು ಸುತ್ತು ಬಂದಳು. ಮದುಮಗ ಅವಳನ್ನು ಕಂಡು ಪಂಪಿನ ಕೊಳವೆಯ ಹಿಂದೆ ಹೋಗಿ ಅಡಗಿದ. ತಿಂಗಳುಗಟ್ಟಲೆ ಗಾಜಿನ ಆಚೀಚೆ ಮುಖಾಮುಖಿ ಇದ್ದವರು. ಅವನ ಹೊಟ್ಟೆಯನ್ನು ಮೆಲ್ಲಗೆ ಒತ್ತಿ ನೋಡಿದರು ಡಾಕ್ಟ್ರು. ಒಂದು ಹನಿ ವೀರ್ಯವಿಲ್ಲ. ಬಿಸಿಲಿಗಿಟ್ಟ ಬಟ್ಟೆಯ ಹಾಗೆ ಒಣಗಿದ್ದ.

ಡಾಕ್ಟ್ರು ನನಗೆ ಒಂದು ಮಾತೂ ಅನ್ನಲಿಲ್ಲ. ಬೈದಿದ್ದರೆ ವಾಸಿಯಿತ್ತು. ಫ್ಲಾಸ್ಕಿನಿಂದ ಎರಡು ಲೋಟ ಚಹಾ ಬಗ್ಗಿಸಿ, ಒಂದನ್ನು ನನ್ನ ಕೈಗೆ ಕೊಟ್ಟು, ತಾವೂ ತೊಟ್ಟಿಯ ಮುಂದೆ ಕೂತರು.

"ಇವನಿಗೆ ಏನಾಗಿದೆ ಅಂತೀನಿ" ಎಂದೆ ನಾನು, ಸಿಟ್ಟನ್ನು ಎಲ್ಲಿ ಹಾಕುವುದೆಂದು ತಿಳಿಯದೆ. "ಅಷ್ಟು ದಿನ ಅವಳು ಕಣ್ಣೆದುರಿಗೇ ಇದ್ಲಲ್ಲ."

"ಕಣ್ಣೆದುರಿಗೆ ಇದ್ಲು" ಎಂದರು ಅವರು. "ಮೂಗಿಗೆ ಇರಲಿಲ್ಲ."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಅದು ನಮಗೆ ಗೊತ್ತಿಲ್ಲದ ವಿಷಯವಲ್ಲ, ನಮ್ಮ ಹೊಟ್ಟೆಪಾಡೇ ಅದು. ಹೆಣ್ಣು ಮೀನು ನೀರಿಗೆ ಬಿಡುವ ಹಾರ್ಮೋನು ವ್ಯರ್ಥವಾಗಿ ಬಿಡುವುದಲ್ಲ, ಅದು ಕರೆ. ಗಂಡು ಅದನ್ನು ಮೂಸಿಯೇ ಮೈಯೊಳಗೆ ತಯಾರಾಗಬೇಕು. ಗೊತ್ತಿದ್ದೂ ನಾವೇನು ಮಾಡಿದ್ದೆವು? ಯಾರದು ಎಷ್ಟು ಎಂದು ಸರಿಯಾಗಿ ಅಳೆಯಬೇಕು, ಒಬ್ಬರದು ಒಬ್ಬರಿಗೆ ಬೆರೆಯಬಾರದು ಎಂದು ನಡುವೆ ಗಾಜು ಹಾಕಿದೆವು. ಸಾಲದೆಂದು ಇದ್ದಿಲಿನ ಫಿಲ್ಟರು ಇಟ್ಟು, ಉಳಿದಿದ್ದನ್ನೂ ಹೀರಿ ತೆಗೆದೆವು. ಅವಳು ದಿನಾ ಕರೆದಳು. ನಾನು ದಿನಾ ಆ ಕರೆಯನ್ನು ಬೋಗುಣಿಯಲ್ಲಿ ಹಿಡಿದು, ಬಾಟಲಿಗೆ ತುಂಬಿ, ಮುಚ್ಚಳ ಬಿಗಿದು ಫ್ರೀಜರಿನಲ್ಲಿಟ್ಟೆ. ಯಾರೂ ಬರಲಿಲ್ಲ. ಅವಳು ಸುಮ್ಮನಾದಳು.

ನನಗೆ ಅಳು ಬಂತು. ಡಾಕ್ಟ್ರ ಮುಂದೆ ಅತ್ತಿದ್ದು ಅದೇ ಮೊದಲು. ಅವರು ನೋಡದವರ ಹಾಗೆ ಚಹಾದಲ್ಲಿ ಬಿದ್ದ ಇರುವೆಯನ್ನು ತುಂಬಾ ಹೊತ್ತು ಎತ್ತುತ್ತಿದ್ದರು. ಆಮೇಲೆ ಅವರ ಕಣ್ಣು ಫ್ರೀಜರಿನ ಮೇಲೆ ಹೋಯಿತು. ನನ್ನ ಕಣ್ಣೂ ಆಗಲೇ ಅಲ್ಲಿತ್ತು.

"ಹಾಳಾಗಿರಲ್ಲ ಅಲ್ವಾ?" ಎಂದೆ.

"ಹಿಮದಲ್ಲಿ ಇದ್ರೆ ಹಾಳಾಗಲ್ಲ. ಒಂದು ತೊಟ್ಟಿಗೆ ಒಂದು ಹನಿ ಸಾಕು ಅವುಗಳ ಮೂಗಿಗೆ." ಅವರು ಲೋಟ ಕೆಳಗಿಟ್ಟರು. "ಆದ್ರೆ ಅದನ್ನ ಖಾಲಿ ಮಾಡಿದ್ರೆ ಈ ವರ್ಷದ ಕೆಲಸಕ್ಕೆ ಸಾಕ್ಷಿ ಇರಲ್ಲ ನೀರಮ್ಮ. ಯಾರಾದ್ರೂ ಇನ್ನೊಂದ್ಸಲ ಅಳೆದು ತೋರಿಸಿ ಅಂದ್ರೆ ಕೈ ಚೆಲ್ಲಬೇಕು."

"ಚೆಲ್ಲೋಣ" ಎಂದೆ.

 ಇದ್ದಿಲಿನ ಎರಡೂ ಫಿಲ್ಟರುಗಳನ್ನು ಎದ್ದು ಆರಿಸಿದವರು ಅವರೇ.

ಮೊದಲ ಬಾಟಲಿಯಿಂದ ಶುರುಮಾಡಿದೆವು. ಅವಳು ಮೊದಲು ಕರೆದಿದ್ದು ಮೊದಲು, ಆಮೇಲಿನದು ಆಮೇಲೆ, ಅವಳು ಹೇಗೆ ಏರಿಸುತ್ತಾ ಹೋಗಿದ್ದಳೋ ಅದೇ ಕ್ರಮದಲ್ಲಿ. ಬಾಟಲಿಯನ್ನು ಅಂಗೈಯಲ್ಲಿ ಹಿಡಿದು ಕರಗಿಸಿ, ತೊಟ್ಟಿಗೆ ಮೆಲ್ಲಗೆ ಸುರಿಯುತ್ತಿದ್ದೆ. ಬೆಳಿಗ್ಗೆ ಒಂದು, ಸಂಜೆ ಒಂದು. ದೊಡ್ಡಮ್ಮನನ್ನು ಬೋಗುಣಿಗೆ ಎತ್ತುವುದನ್ನು ನಿಲ್ಲಿಸಿದೆ. ಅಳತೆ ಇಲ್ಲ, ಯಂತ್ರವಿಲ್ಲ. ಕೈಕಟ್ಟಿ ಕೂತು ನೋಡುವುದೊಂದೇ. ಏನಾಗುತ್ತಿದೆ ಎಂದು ಅಂಕಿ ಇಲ್ಲದೆ ಕೂರುವುದು ನನ್ನಂಥವಳಿಗೆ ಮುಳ್ಳಿನ ಮೇಲೆ ಕೂತ ಹಾಗೆ.

ಆ ದಿನಗಳಲ್ಲೇ ತಂಗಿಯ ಕಡೆಯಿಂದ ವಾಸನೆ ನಿಂತುಹೋಯಿತು. ಮೊದಲು ಎರಡು ದಿನ ಮುಲಾಮು ಬಂತು, ಆಮೇಲೆ ಏನೂ ಇಲ್ಲ. ಕಾಫಿ ಇಲ್ಲ, ಈರುಳ್ಳಿ ಇಲ್ಲ, ಎಣ್ಣೆ ಇಲ್ಲ. ಬೀರುವಿನ ಬೆನ್ನಿನ ಹತ್ತಿರ ಹೋಗಿ ಮೂಗು ಏರಿಸಿ ನಿಂತೆ. ತುಕ್ಕಿನ ವಾಸನೆ ಮಾತ್ರ. ಕುರ್ಚಿ ಹತ್ತಿ ಸಂದಿಯ ಹತ್ತಿರ ಮುಖ ತಂದೆ. ಆ ಕಡೆ ಫ್ಯಾನು ತಿರುಗುವ ಸದ್ದಿತ್ತು. ಊರಿಗೆ ಹೋಗುವಾಗ ಫ್ಯಾನು ಆರಿಸದೆ ಹೋದಳೋ, ಒಳಗೇ ಬಿದ್ದಿದ್ದಾಳೋ? ಕೂಗಲು ಬಾಯಿ ತೆರೆದೆ. ಏನೆಂದು ಕೂಗುವುದು? ಇಷ್ಟು ವರ್ಷ ಸುಮ್ಮನಿದ್ದವಳು ಈಗ ಕೂಗಿದರೆ, ಏನಾಯಿತು ಎಂದು ಕೇಳಿದರೆ, ನಿನ್ನ ವಾಸನೆ ಬರಲಿಲ್ಲ ಎಂದು ಹೇಳುವುದೇ? ಕುರ್ಚಿಯಿಂದ ಇಳಿದೆ. ಆ ಸಂಜೆ ಮನೆಯಲ್ಲಿ ನನಗೆ ಹೆದರಿಕೆಯಾಯಿತು. ಕಳ್ಳಕಾಕರ ಹೆದರಿಕೆಯಲ್ಲ. ಯಾರೂ ಇಲ್ಲ ಎನ್ನುವ ಹೆದರಿಕೆ.

ಮೂರನೆಯ ದಿನ ಬೆಳಿಗ್ಗೆ ಹಾಲು ಸೀದ ವಾಸನೆ ಬಂತು. ಬೆನ್ನು ಹಿಡಿದು ಮಲಗಿದ್ದಿರಬೇಕು, ಈಗ ಎದ್ದಿದ್ದಾಳೆ. ನಾನು ಚಪ್ಪಲಿ ಮೆಟ್ಟುತ್ತಿದ್ದವಳು ಹಾಗೇ ಗೋಡೆಗೆ ಒರಗಿ ನಿಂತೆ. ಸೀದ ಹಾಲು ಅಷ್ಟು ಚೆನ್ನಾಗಿರುತ್ತದೆಂದು ಗೊತ್ತಿರಲಿಲ್ಲ.

ಶೆಡ್ಡಿನಲ್ಲಿ ಮೊದಲು ಬದಲಾದವನು ಮದುಮಗ. ಕೊಳವೆಯ ಹಿಂದಿನಿಂದ ಹೊರಗೆ ಬಂದ. ನಾನು ಬಾಟಲಿ ಬಗ್ಗಿಸಿದ ಜಾಗಕ್ಕೆ ಬಂದು, ನೀರನ್ನು ಬಾಯಿಗೆ ತೆಗೆದುಕೊಂಡು, ಉಗುಳಿ, ಮತ್ತೆ ತೆಗೆದುಕೊಂಡ. ಅವನ ಕೆನ್ನೆಯ ಮೇಲೆ ಸಣ್ಣ ಬಿಳಿ ಗುಳ್ಳೆಗಳೆದ್ದವು. ಗಂಡು ಮೀನಿಗೆ ಅದು ಒಳ್ಳೆಯ ಲಕ್ಷಣ. ಆದರೆ ಅವನು ಹುಡುಕುತ್ತಿದ್ದುದು ದೊಡ್ಡಮ್ಮನನ್ನಲ್ಲ. ಅವಳ ಪಕ್ಕದಲ್ಲೇ ಹಾದುಹೋಗಿ, ನೀರು ಸುರಿದ ಮೂಲೆಯಲ್ಲಿ ಸುತ್ತುತ್ತಿದ್ದ. ಅಲ್ಲಿದ್ದುದು ಎಂದೋ ಕರೆದಿದ್ದ ಒಬ್ಬಳು. ಈಗಿನವಳು ಒಂದು ಮಾತೂ ಆಡದೆ ತಳದಲ್ಲಿ ಕೂತಿದ್ದಳು. ನನಗೆ ಅವನನ್ನು ನೋಡಿ ಮೊದಲ ಸಲ ಪಾಪ ಎನಿಸಿತು. ಹೊತ್ತು ಮೀರಿ ಬಂದವನ ಗತಿ ಇಷ್ಟೇ ಎಂದುಕೊಂಡು, ಉಳಿದ ಬಾಟಲಿಗಳನ್ನು ನೋಡಿದೆ. ಬೆರಳೆಣಿಕೆಯಷ್ಟಿದ್ದವು.

ಕೊನೆಯ ಬಾಟಲಿಯೂ ಮುಗಿಯಿತು. ಡಾಕ್ಟ್ರು ಇನ್ನು ನಾಲ್ಕು ದಿನ ಗಡುವು ಕೇಳಲು ಮುಖ್ಯ ಕಚೇರಿಗೆ ಹೋದರು. ಹೋಗುವಾಗ ನನ್ನ ಕಡೆ ನೋಡಲಿಲ್ಲ. ಕಚೇರಿಯವರು ಏನು ಹೇಳುತ್ತಾರೆಂದು ಇಬ್ಬರಿಗೂ ಗೊತ್ತಿತ್ತು. ಶೆಡ್ಡಿನ ಮೂಲೆಯಲ್ಲಿ ಹೊಟ್ಟೆ ಕುಯ್ಯುವ ತಟ್ಟೆ, ಚಾಕು ಆಗಲೇ ಬಂದು ಕೂತಿದ್ದವು, ಒಗೆದ ಬಟ್ಟೆ ಮುಚ್ಚಿಕೊಂಡು.

ಮಧ್ಯಾಹ್ನ ಊಟಕ್ಕೂ ಹೋಗದೆ ಸ್ಟೂಲಿನ ಮೇಲೆ ಕೂತಿದ್ದೆ. ದೊಡ್ಡಮ್ಮ ತಳದಿಂದ ಎದ್ದಳು. ಮದುಮಗ ಸುತ್ತುತ್ತಿದ್ದ ಮೂಲೆಗೆ ನಿಧಾನವಾಗಿ ಹೋದಳು. ಅಲ್ಲಿ ಈಗ ಅವಳ ಹಳೆಯ ನೀರು ಇರಲಿಲ್ಲ, ಅವನು ಬಿಟ್ಟ ನೀರಿತ್ತು. ಹೆಣ್ಣಿನ ಕರೆ ಸಿಕ್ಕಿ ತಯಾರಾದ ಗಂಡು ತಾನೂ ಹಾರ್ಮೋನು ಬಿಡುತ್ತದೆ, ಸುಮ್ಮನಾದ ಹೆಣ್ಣನ್ನು ಅದು ಮತ್ತೆ ಎಬ್ಬಿಸುವುದೂ ಉಂಟು. ಅಷ್ಟು ದಿನದಿಂದ ಅವನು ಬಿಡುತ್ತಲೇ ಇದ್ದಿರಬೇಕು. ಅಳೆಯುವುದನ್ನು ಬಿಟ್ಟಿದ್ದೆವಲ್ಲ, ನಮಗೆ ತಿಳಿಯಲಿಲ್ಲ. ದೊಡ್ಡಮ್ಮನಿಗೆ ತಿಳಿದಿತ್ತು. ಅವಳು ಅಲ್ಲೇ ನಿಂತು ಕಿವಿರು ಅಗಲಿಸಿದಳು. ಅವನು ಮೊದಲ ಸಲ ಅವಳ ಕಡೆ ತಿರುಗಿದ.

ಆಮೇಲೆ ಆದದ್ದನ್ನು ಸಾಲಾಗಿ ಹೇಳಲು ನನಗೆ ಬರುವುದಿಲ್ಲ. ಅವನು ಅವಳ ಹೊಟ್ಟೆಗೆ ಮೂತಿಯಿಂದ ತಿವಿದ. ಅವಳು ತೊಟ್ಟಿಯ ಉದ್ದಕ್ಕೂ ಓಡಿದಳು, ಆ ವಯಸ್ಸಿನಲ್ಲಿ. ಗಾಜು ನಡುಗಿತು, ನೀರು ಎದ್ದು ನೆಲಕ್ಕೆ ಬಿತ್ತು, ನನ್ನ ಮುಖಕ್ಕೆ, ಎದೆಗೆ. ಮೊಟ್ಟೆ ಬಂದರೆ ಅಪ್ಪ ಅಮ್ಮ ತಿಂದುಬಿಡುತ್ತವೆ, ತಳಕ್ಕೆ ಜಾಲರಿ ಹಾಕಬೇಕು. ಇಬ್ಬರು ಹಿಡಿದು ಇಳಿಸುವ ಜಾಲರಿ ಅದು. ನಾನೊಬ್ಬಳೇ ತೋಳಿನವರೆಗೆ, ಕತ್ತಿನವರೆಗೆ ಬಗ್ಗಿ ಅದನ್ನು ಒಳಗೆ ತಳ್ಳಿದೆ. ಇಬ್ಬರೂ ನನ್ನ ಕೈಗಳ ನಡುವೆಯೇ ಒಬ್ಬರಿಗೊಬ್ಬರು ಒತ್ತಿಕೊಂಡು ಹೊರಳಿದರು. ನೀರು ಬೆಳ್ಳಗೆ ಮಸುಕಾಯಿತು. ಆ ಮಸುಕಿನೊಳಗಿಂದ ಮೊಟ್ಟೆಗಳು ಹಳದಿ ಸಾಸಿವೆಯ ಹಾಗೆ ಜಾಲರಿಯ ಕಣ್ಣುಗಳಿಂದ ಕೆಳಗೆ ಇಳಿದವು. ಕೆಲವು ನನ್ನ ತೋಳಿಗೆ ಅಂಟಿಕೊಂಡವು. ನಾನು ಜೋರಾಗಿ ನಗುತ್ತಿದ್ದೆ. ಶೆಡ್ಡಿನಲ್ಲಿ ಕೇಳುವವರು ಯಾರೂ ಇರಲಿಲ್ಲ.

ಡಾಕ್ಟ್ರಿಗೆ ಫೋನು ಮಾಡಿ, "ಇಟ್ಟಳು" ಎಂದೆ. ಆ ಕಡೆ ಮೂಗು ಏರಿಸಿದ್ದು ಕೇಳಿಸಿತು. ಆಮೇಲೆ, "ಚಾಕು ತಟ್ಟೆ ಒಳಗಿಡಿ ನೀರಮ್ಮ" ಎಂದರು. ಅವರು ಬಂದು ಮೊಟ್ಟೆಗಳನ್ನು ಬೇರೆ ತೊಟ್ಟಿಗೆ ಸಾಗಿಸುವ ಹೊತ್ತಿಗೆ ಸಂಜೆಯಾಯಿತು. ದೊಡ್ಡಮ್ಮ ತಳದಲ್ಲಿ ಸುಸ್ತಾಗಿ ಕೂತಿದ್ದಳು, ಮದುಮಗ ಅವಳ ಪಕ್ಕದಲ್ಲಿ. ಹೊರಡುವಾಗ ಗಾಜಿನ ಹತ್ತಿರ ಹೋದೆ. ಅವಳು ನನ್ನ ಕಡೆ ಬರಲಿಲ್ಲ. ಬರುವ ಅಗತ್ಯ ಅವಳಿಗಿರಲಿಲ್ಲ. ಅದು ಸರಿಯೇ, ಆದರೂ ಸ್ವಲ್ಪ ನೋವಾಯಿತು.

ಬಸ್ಸಿನಲ್ಲಿ ನನ್ನ ಪಕ್ಕದವರು ಎದ್ದು ಮುಂದೆ ಹೋದರು. ಹಿಂದಿನ ಸೀಟಿನವರೂ ಹೋದರು. ಆಗ ಗೊತ್ತಾಯಿತು, ನಾನು ನಾರುತ್ತಿದ್ದೇನೆ. ಮೀನು, ವೀರ್ಯ, ಪಾಚಿ ಎಲ್ಲ ಸೇರಿ ಬಟ್ಟೆಯೊಳಗೆ ಹುದುಗುತ್ತಿತ್ತು. ಮೂರು ಜನರ ಸೀಟಿನಲ್ಲಿ ಒಬ್ಬಳೇ ರಾಣಿಯ ಹಾಗೆ ಕೂತು ಬಂದೆ. ಮನೆಗೆ ಬಂದು ಬಾಗಿಲು ಹಾಕಿ ಮಂಚದ ಮೇಲೆ ಕುಸಿದೆ. ತಣ್ಣೀರು ಸುರಿದುಕೊಳ್ಳಲು ಮೈಯಲ್ಲಿ ಶಕ್ತಿ ಇರಲಿಲ್ಲ. ಇಷ್ಟು ದೊಡ್ಡ ಸುದ್ದಿ ಇಟ್ಟುಕೊಂಡು ಹೇಳಲು ಒಬ್ಬರಿಲ್ಲದೆ ಕೂತಿದ್ದೇನಲ್ಲ ಎಂದು ಅನ್ನಿಸಿತು.

ಬೀರುವಿನ ತಗಡು ಢಣ್ ಎಂದಿತು. ಬೆಚ್ಚಿ ಎದ್ದು ಕೂತೆ. ಮತ್ತೆ ಢಣ್.

"ಅಕ್ಕಾ!"

ಎಷ್ಟೋ ವರ್ಷದ ಮೇಲೆ ಕೇಳಿದ ದನಿ. ಸ್ವಲ್ಪ ಒಡೆದಿತ್ತು, ವಯಸ್ಸಾಗಿತ್ತು. ಸಿಟ್ಟು ಮಾತ್ರ ಹಳೆಯದೇ.

"ಏನೇ ಅದು ನಾತ! ಬದುಕಿದ್ದೀಯಾ ಒಳಗೆ?"

"ಬದುಕಿದ್ದೀನಿ" ಎಂದೆ.

"ಮತ್ತೆ ಏನು ಸತ್ತಿರೋದು?"

"ಏನೂ ಸತ್ತಿಲ್ಲ ಕಣೆ. ನಮ್ಮ ಮೀನು ಮೊಟ್ಟೆ ಇಡ್ತು. ಅದರ ನೀರೆಲ್ಲ ಮೈಮೇಲೆ."

ಬೀರುವಿನ ಬಾಗಿಲು ತೆಗೆದಿದ್ದಳೆಂದು ಕಾಣುತ್ತದೆ, ದನಿ ಈಗ ತಗಡಿನ ಹಿಂದಿನಿಂದಲೇ, ಹತ್ತಿರದಿಂದ ಬಂತು.

"ನಾನು ಹೆದರಿಬಿಟ್ಟೆ" ಎಂದಳು. "ಇಷ್ಟು ವರ್ಷ ನಿನ್ನ ಕಡೆಯಿಂದ ಒಂದು ವಾಸನೆ ಬಂದಿಲ್ಲ. ಅಡುಗೆ ಇಲ್ಲ, ಸೋಪಿಲ್ಲ, ಏನೂ ಇಲ್ಲ. ಮನುಷ್ಯರು ಇರೋ ಮನೆ ಹಾಗೇ ಇರಲಿಲ್ಲ. ಬೆಳಿಗ್ಗೆ ಬಾಗಿಲು ಹಾಕಿದ ಸದ್ದು ಕೇಳಿದ್ರೆ ಸರಿ, ಇದ್ದಾಳೆ ಅಂದ್ಕೊಳ್ತಿದ್ದೆ. ಇವತ್ತು ಒಂದೇ ಸಲ ಈ ನಾತ ಬಂತು, ಮುಗೀತು ಅಂದ್ಕೊಂಡೆ."

ನಾನು ಎದ್ದು ಹೋಗಿ ತಗಡಿಗೆ ಕೈ ಇಟ್ಟೆ. ನನಗೆ ಅವಳ ಬೆನ್ನುನೋವು ಗೊತ್ತಿತ್ತು, ಅವಳ ರಜೆ, ಅವಳ ಸಿಟ್ಟು, ಅವಳ ಸೀದ ಹಾಲು ಗೊತ್ತಿತ್ತು. ಅವಳಿಗೆ ನನ್ನದೇನೂ ಗೊತ್ತಿರಲಿಲ್ಲ.

"ಕೂಗಬಹುದಿತ್ತಲ್ಲ" ಎಂದೆ.

"ನೀನೂ ಕೂಗಬಹುದಿತ್ತು."



"ಸ್ನಾನ ಮಾಡು ಮೊದಲು" ಎಂದಳು. "ತಣ್ಣೀರಿಗೆ ಈ ನಾತ ಹೋಗಲ್ಲ. ಗೀಸರ್ ಹಾಕಿದ್ದೀನಿ, ಬಾ ಈ ಕಡೆ." ಅವಳ ಕಡೆಯ ಚಿಲಕ ಸರ್ರೆಂದು ಸರಿಯಿತು. ಅಷ್ಟು ಸಲೀಸಾಗಿ ಸರಿಯಬೇಕಾದರೆ ಅವಳು ಅದನ್ನು ಆಗಾಗ ತೆಗೆದು ಹಾಕುತ್ತಿದ್ದಿರಬೇಕು.

ನನ್ನ ಚಿಲಕ ಅಲುಗಲಿಲ್ಲ. ಎರಡೂ ಕೈ ಹಾಕಿ ಎಳೆದೆ.

"ತೆಗಿ."

"ಬರ್ತಿಲ್ಲ ಕಣೆ. ತುಕ್ಕು ಹಿಡಿದಿದೆ."

"ಎಣ್ಣೆ ಬಿಡು."

"ನನ್ನ ಹತ್ರ ಎಣ್ಣೆ ಎಲ್ಲಿಂದ ಬರಬೇಕು?"

ಅವಳು ಏನೋ ಗೊಣಗಿದಳು. ಸ್ಟೂಲು ಎಳೆದ ಸದ್ದು, ಹತ್ತುವಾಗ ಬೆನ್ನು ಹಿಡಿದು "ಅಮ್ಮಾ" ಎಂದ ಸದ್ದು. ಮೇಲಿನ ಸಂದಿಯಲ್ಲಿ ಒಂದು ಕೈ ಕಾಣಿಸಿತು, ಅದರಲ್ಲಿ ತಲೆಗೆ ಹಚ್ಚುವ ಎಣ್ಣೆಯ ಬಾಟಲಿ. ಕೈಯ ನರಗಳು ಉಬ್ಬಿದ್ದವು, ಅಮ್ಮನ ಕೈಯ ಹಾಗೆ. ನಾನು ಬಾಟಲಿ ತೆಗೆದುಕೊಂಡ ಮೇಲೂ ಆ ಕೈ ಸ್ವಲ್ಪ ಹೊತ್ತು ಅಲ್ಲೇ ಇತ್ತು.

ಎಣ್ಣೆಯನ್ನು ಚಿಲಕದ ಮೇಲೆ ಸುರಿದೆ. ಬೆರಳಿಗೆ, ಅಂಗೈ ಗೆರೆಗಳಿಗೆ, ಉಗುರ ಸಂದಿಗೆಲ್ಲ ಹತ್ತಿತು. ಎಷ್ಟು ತೊಳೆದರೂ ದಿನಗಟ್ಟಲೆ ಹೋಗದ ವಾಸನೆ ಅದು. ಈ ಕೈಯನ್ನು ನಾಳೆ ತೊಟ್ಟಿಗೆ ಇಳಿಸುವಂತಿಲ್ಲ, ಡಾಕ್ಟ್ರೇ ನೋಡಿಕೊಳ್ಳಲಿ ಎಂದುಕೊಂಡು ಚಿಲಕವನ್ನು ಮತ್ತೆ ಎಳೆದೆ. ಈ ಸಲ ಬಂತು.